ಹಳದಿ ಮೇಜು

ಆ ಕಾಲೇಜಿನಲ್ಲಿ ಯಾರು ಯಾತಕ್ಕೆ ಓದುತ್ತಾರೆ ಅನ್ನುವುದು ತಟ್ಟೆಕ್ಕನಿಗೆ ಕೊನೆಗೂ ತಿಳಿಯಲಿಲ್ಲ. ಹಾಡು ಕಲಿಯುವವರು ಲೆಕ್ಕವನ್ನೂ ಕಲಿಯಬೇಕು, ಲೆಕ್ಕದವರು ಕಪ್ಪೆಯ ಹೊಟ್ಟೆ ಕೊಯ್ಯಬೇಕು, ಕಪ್ಪೆ ಕೊಯ್ದವರು ಸಂಜೆ ಕೂತು ನಾಟಕ ಬರೆಯಬೇಕು.

"ಇದನ್ನೆಲ್ಲ ಕಲಿತು ಏನಾಗ್ತೀರಪ್ಪಾ?" ಅಂತ ಒಮ್ಮೆ ಕೇಳಿದ್ದಳು.

"ಮನುಷ್ಯರಾಗ್ತೀವಿ ಅಕ್ಕಾ," ಅಂದಿದ್ದ ತಮಟೆ. ಅವನ ಗಂಟಲಿಗೆ ಹುಡುಗರು ಇಟ್ಟ ಹೆಸರು ಅದು. ಅವನು ಪಿಸುಗುಟ್ಟಿದರೂ ಹಿತ್ತಲಿಗೆ ಕೇಳುತ್ತಿತ್ತು.

"ಇಲ್ಲಿಗೆ ಬರೋ ತನಕ ಏನಾಗಿದ್ರಿ ಮತ್ತೆ?"

ಅವನು ನಕ್ಕು ನಕ್ಕು ಕುಡಿಯುತ್ತಿದ್ದ ನೀರನ್ನು ಅಂಗಿ ಮೇಲೆಲ್ಲ ಚೆಲ್ಲಿಕೊಂಡಿದ್ದ.

ಊರಾಚೆಯ ಸಣ್ಣ ಕಾಲೇಜು. ಮಕ್ಕಳು ಮಾತ್ರ ದಿಕ್ಕುದಿಕ್ಕಿನಿಂದ ಬರುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಮಾತು, ಒಂದೊಂದು ದೇವರು, ದೇವರೇ ಬೇಡ ಅನ್ನುವವರೂ ಇದ್ದರು. ಊಟದ ಮನೆಯ ಬಾಗಿಲಲ್ಲಿ ನಿಂತು ತಟ್ಟೆ ಕೊಡುವುದು, ಉಂಡ ಮೇಲೆ ತೊಳೆದು ಒರೆಸಿ ಜೋಡಿಸುವುದು ಅವಳ ಕೆಲಸ. ಸಣ್ಣ ವಯಸ್ಸಿನಲ್ಲಿ ಬಂದವಳಿಗೆ ಅಲ್ಲೇ ತಲೆ ನರೆಯಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಸಂಜೆಯ ಊಟಕ್ಕೆ ಅಲ್ಲೊಂದು ಕಟ್ಟಳೆ ಇತ್ತು. ಕಾಲೇಜು ಕಟ್ಟಿದ ಹಿರಿಯರು ಮಾಡಿಹೋಗಿದ್ದು. ಪ್ರತಿ ತಟ್ಟೆಯ ಅಡಿಗೆ ಒಂದು ಬಣ್ಣದ ಬೊಟ್ಟು. ಊಟದ ಮನೆಯ ಮೇಜುಗಳ ಕಾಲಿಗೂ ಅದೇ ಬಣ್ಣಗಳು. ತಟ್ಟೆ ತಗೊಂಡು ಮಗುಚಿ ನೋಡಬೇಕು. ಕೆಂಪಿದ್ದರೆ ಕೆಂಪು ಮೇಜು, ನೀಲಿ ಇದ್ದರೆ ನೀಲಿ. ಇವತ್ತು ಯಾರ ಪಕ್ಕ ಯಾರೋ, ನಾಳೆ ಯಾರ ಪಕ್ಕ ಯಾರೋ. ಹೊಸದಾಗಿ ಬಂದವರು ಮೂತಿ ಊದಿಸಿಕೊಂಡು ಕೂರುತ್ತಿದ್ದರು. ಆಮೇಲಾಮೇಲೆ ಉಪ್ಪು ಕೊಡು ಅನ್ನುವುದರಿಂದ ಶುರುವಾಗಿ ಜಗಳ ಆಡುವಷ್ಟು ಹತ್ತಿರವಾಗುತ್ತಿದ್ದರು.

"ಅಕ್ಕಾ, ಇವತ್ತೊಂದಿನ ಹಸಿರು ಕೊಡು. ಪುಣ್ಯ ಬರುತ್ತೆ."

"ಪುಣ್ಯ ತಗೊಂಡು ಎಲ್ಲಿಡ್ಲಿ? ಬೀರು ತುಂಬಿಹೋಗಿದೆ. ನಡಿ ಮುಂದೆ."

ಯಾರ ಗೋಗರೆತಕ್ಕೂ ಅವಳು ಬಗ್ಗಿದವಳಲ್ಲ. ಬಗ್ಗಿದ್ದು ಉದ್ದಜಡೆಗೆ.

ಉದ್ದಜಡೆ ಬಂದದ್ದು ಬಹಳ ದೂರದಿಂದ. ತೆಳ್ಳಗಿನ ಹುಡುಗಿ, ಸೊಂಟ ದಾಟಿದ ಜಡೆ. ಅವಳ ಮಾತು ಬಲ್ಲವರು ಇಡೀ ಕಾಲೇಜಿಗೆ ನಾಲ್ಕೇ ಹುಡುಗಿಯರು, ಅವರು ಒಂದೇ ಪಟ್ಟಣದವರು. ಈಕೆ ತಟ್ಟೆ ಹಿಡಿದು ಯಾವುದೋ ಮೇಜಿನ ತುದಿಗೆ ಕೂತು, ನಾಲ್ಕು ತುತ್ತು ನುಂಗಿ, ಎಲ್ಲರಿಗಿಂತ ಮೊದಲು ಎದ್ದು ತೊಳೆಯುವ ಕಟ್ಟೆಗೆ ಬಂದುಬಿಡುತ್ತಿದ್ದಳು. ಬೇಡ ಬೇಡ ಅಂದರೂ ಒರೆಸುವ ಬಟ್ಟೆ ಕಿತ್ತುಕೊಂಡು ಲೋಟ ಒರೆಸುತ್ತಿದ್ದಳು. ತಟ್ಟೆಕ್ಕನಿಂದಲೇ ಅವಳು ಇಲ್ಲಿಯ ಮಾತು ಕಲಿತದ್ದು. ಲೋಟ, ನೀರು, ಸಾಕು, ಇನ್ನೂ ಸ್ವಲ್ಪ.

ಒಂದು ಸಂಜೆ ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುವ ನೆವದಲ್ಲಿ ಅತ್ತಳು. "ಇಲ್ಲಿ ಆಗಲ್ಲ ಅಕ್ಕ. ಮನೆಗೆ ಹೋಗ್ತೀನಿ," ಅಂದಳು.

ತಟ್ಟೆಕ್ಕನಿಗೆ ತನ್ನದೇ ಹಳೆಯ ದಿನಗಳು ನೆನಪಾದವು. ಅವಳನ್ನು ಮದುವೆ ಮಾಡಿ ಕೊಟ್ಟಿದ್ದು ಬೇರೆ ಮಾತಿನವರ ಮನೆಗೆ. ಅಲ್ಲಿ ಎಲ್ಲರೂ ಒಟ್ಟಿಗೆ ನಕ್ಕರೆ ತನ್ನನ್ನು ನೋಡಿಯೇ ನಗುತ್ತಿದ್ದಾರೆ ಅಂತ ಬೆವರುತ್ತಿದ್ದಳು. ಗಂಡ ಹೋದ ಮೇಲೆ ತಂಗಿಯ ಮನೆಗೆ ವಾಪಸು ಬಂದಾಗ ಮೊದಲು ಮಾಡಿದ ಕೆಲಸ ಅಂದರೆ ಕೂತು ಮಾತಾಡಿದ್ದು. ಗಂಟಲು ಕಟ್ಟುವ ತನಕ ಮಾತಾಡಿದ್ದಳು. ಈ ಹುಡುಗಿಗೂ ಬೇಕಾಗಿರುವುದು ಅಷ್ಟೇ ಅಂದುಕೊಂಡಳು.

ತಟ್ಟೆ ಜೋಡಿಸುವಾಗ ಬೊಟ್ಟಿನ ಬಣ್ಣ ಅವಳಿಗೆ ಕಾಣುತ್ತಲೇ ಇತ್ತು. ಮರುದಿನ ಹಳದಿ ತಟ್ಟೆಗಳನ್ನು ಬೇರೆ ಮಾಡಿ ಒದ್ದೆ ಬಟ್ಟೆಯ ಕೆಳಗಿಟ್ಟಳು. ಆ ನಾಲ್ವರಿಗೂ ಉದ್ದಜಡೆಗೂ ಅಲ್ಲಿಂದಲೇ ಕೊಟ್ಟಳು. ಐವರೂ ಹಳದಿ ಮೇಜಿಗೆ ಹೋಗಿ ಕೂತರು. ಮಾತಿನ ಸದ್ದು ಕೇಳಿದಾಗ ತಟ್ಟೆಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅದರ ಮರುದಿನವೂ ಹಳದಿಯೇ. ಅದರ ಮರುದಿನವೂ.

"ಯಾಕೇ, ನಿನ್ನ ಕೈಗೆ ಬೊಟ್ಟು ಕಾಣ್ತಾ ಇದೆಯಾ?" ಅಂದರು ಮುಖ್ಯ ಅಡುಗೆಯವರು, ಅನ್ನದ ಪಾತ್ರೆಯ ಹಿಂದಿನಿಂದ.

"ನಿಮ್ಮ ಅನ್ನ ತಳ ಹಿಡೀತಾ ಇದೆ, ಅದನ್ನ ನೋಡ್ಕೊಳ್ಳಿ."

ಅಡುಗೆಯವರಿಗೆ ಕಂಡದ್ದು ಮಕ್ಕಳಿಗೆ ಕಾಣದಿರುತ್ತದೆಯೇ? ಒಂದು ಸಂಜೆ ತಮಟೆ ತಟ್ಟೆ ಮಗುಚಿ ನೋಡಿ, "ಹಳದಿ ಮೇಜು ಅವರ ಹೆಸರಿಗೆ ಬರೆದುಕೊಟ್ಟಾಗಿದೆ ಅಂತ ಕಾಣುತ್ತೆ! ನಮ್ಮವರಿಗೇನು ಕಡಿಮೆಯಾಗಿದೆ?" ಅಂದ. ತಮಾಷೆಗೇ ಅಂದದ್ದು. ಆದರೆ ಅವನ ಗಂಟಲು ಊಟದ ಮನೆಗೆಲ್ಲ ಮುಟ್ಟಿತು. ಹೌದಲ್ಲ ಅಂದರು ಕೆಲವರು. ಅವರವರಿಗೆ ಬೇಕಾದಲ್ಲಿ ಕೂರುವುದು ತಪ್ಪೇನು ಅಂದರು ಇನ್ನು ಕೆಲವರು. ಮಕ್ಕಳು ಸಭೆ ಕೂಡಿ ಕೈಯೆತ್ತಿ ತೀರ್ಮಾನ ಮಾಡಿಬಿಟ್ಟರು: ಬೊಟ್ಟು ಇನ್ನು ಬೇಡ.

ವಾರ ಕಳೆಯುವುದರೊಳಗೆ ಒಂದೊಂದು ಮೇಜೂ ಒಂದೊಂದು ಊರಾಯಿತು. ಒಂದು ಮೇಜಿನವರು ಇನ್ನೊಂದು ಮೇಜಿನಿಂದ ಉಪ್ಪನ್ನೂ ಕೇಳುತ್ತಿರಲಿಲ್ಲ. ಎದ್ದು ಅಡುಗೆಮನೆಗೇ ಬರುತ್ತಿದ್ದರು.

ಹೋಗಲಿ, ಹುಡುಗಿಯಾದರೂ ಉಳಿದಳಲ್ಲ ಅಂದುಕೊಂಡಿದ್ದಳು ತಟ್ಟೆಕ್ಕ. ಅದೂ ಉಳಿಯಲಿಲ್ಲ. ಆ ನಾಲ್ವರು ಉದ್ದಜಡೆಯ ಉಚ್ಚಾರವನ್ನು ಅಣಕಿಸುತ್ತಿದ್ದರು. ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದರು. ಚರ್ಮ ಹದ ಮಾಡ್ತಾರೆ ಅಂತ ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಲ್ಲಿಗೆ ಮುಗಿಯಿತು. ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟುಕೊಂಡು ಕೂರುವುದು ಶುರುವಾಯಿತು. ಮಿಕ್ಕ ಮೇಜುಗಳೆಲ್ಲ ಈಗ ಅವರವರದ್ದು. ಹುಡುಗಿ ಕಟ್ಟೆಯ ಹತ್ತಿರ ನಿಂತುಕೊಂಡೇ ಉಣ್ಣತೊಡಗಿದಳು.

ತಟ್ಟೆಕ್ಕ ವಾರ್ಡನ್ ಹತ್ತಿರ ಹೋದಳು. ನಡೆದದ್ದನ್ನೆಲ್ಲ ಹೇಳಿ, "ತಪ್ಪು ನನ್ನದು ಸಾರ್. ನನ್ನನ್ನ ಕೆಲಸದಿಂದ ತೆಗೀರಿ ಬೇಕಾದ್ರೆ. ಬೊಟ್ಟಿನ ಕಟ್ಟಳೆ ವಾಪಸು ತನ್ನಿ," ಅಂದಳು.

"ನಿಮ್ಮದೇನಿದೆ ತಪ್ಪು?" ಅಂದರು ವಾರ್ಡನ್, ಕನ್ನಡಕ ಒರೆಸುತ್ತ. "ಅವರೇ ಕೂತು ತೀರ್ಮಾನ ಮಾಡಿದ್ದಾರೆ. ನಾವು ಹೇರೋ ಹಾಗಿಲ್ಲ. ಹೋಗಿಬನ್ನಿ."

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಆ ಸಂಜೆ ಬೊಟ್ಟಿನ ತಟ್ಟೆಗಳನ್ನು ಮೊದಲಿನಂತೆ ಬೆರೆಸಿ, "ಇದೊಂದಿನ ಮಗುಚಿ ನೋಡ್ರಪ್ಪಾ," ಅಂತ ಒಬ್ಬೊಬ್ಬರಿಗೂ ಹೇಳಿದಳು. ಕೆಲವರು ನಕ್ಕರು. ಒಬ್ಬರೂ ಮಗುಚಲಿಲ್ಲ.

ಉದ್ದಜಡೆ ಹೊರಟದ್ದು ಒಂದು ಬೆಳಿಗ್ಗೆ, ಪಾಠದ ಗಂಟೆ ಹೊಡೆದ ಮೇಲೆ, ಯಾರೂ ಕಾಣದ ಹೊತ್ತಿನಲ್ಲಿ. ಕಾಲೇಜಿನ ಬಸ್ಸು ಓಡಿಸುವವನು ತಟ್ಟೆಕ್ಕನ ತಂಗಿಯ ಗಂಡ. ಪೆಟ್ಟಿಗೆಯನ್ನು ಅವನೇ ಎತ್ತಿ ಒಳಗಿಟ್ಟ. ತಟ್ಟೆಕ್ಕ ಒದ್ದೆ ಕೈಯಲ್ಲೇ ಓಡಿಬಂದಳು.

"ಇನ್ನೊಂದು ಸ್ವಲ್ಪ ದಿನ ನೋಡು ಮಗಾ. ನಾನಿಲ್ವಾ?"

"ನೀನಿದ್ದೀಯ ಅಂತಲೇ ಇಷ್ಟು ದಿನ ಇದ್ದೆ."

"ಹೇಳ್ಬಿಡ್ತೀನಿ ಕೇಳು. ಆ ಹಳದಿ ತಟ್ಟೆ…"

"ಗೊತ್ತಿತ್ತು ಅಕ್ಕ," ಅಂದಳು ಹುಡುಗಿ. "ನೀನು ಬಟ್ಟೆ ಕೆಳಗಿಂದ ತೆಗೀತಿದ್ದೆ. ನಾನು ಎರಡನೇ ದಿನವೇ ನೋಡಿದೆ."

"ನೋಡಿದ್ಯಾ! ಬೇಡ ಅಂತ ಯಾಕೆ ಅನ್ನಲಿಲ್ಲ?"

"ನೀನು ಎಷ್ಟು ಖುಷಿಯಾಗಿದ್ದೆ. ಹೇಗೆ ಅನ್ನಲಿ?" ಹುಡುಗಿ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲು ಅಳ್ತಿದ್ದೆ, ಹೌದು. ಆದ್ರೆ ಬೇರೆ ಮೇಜಲ್ಲಿ ಯಾರಿಗೂ ನಾನು ಯಾರ ಮಗಳು ಅಂತ ಬೇಕಿರಲಿಲ್ಲ. ಆ ಜೋರು ಗಂಟಲಿನವನು ಸಿಕ್ಕಾಗೆಲ್ಲ ಆಲೂಗಡ್ಡೆ ತೋರಿಸಿ, ನಿಮ್ಮಲ್ಲಿ ಇದಕ್ಕೇನಂತಾರೆ ಅಂತ ಕೇಳ್ತಿದ್ದ. ಹೇಳಿದ್ರೆ ಕೂಗಿ ಎಲ್ಲರಿಗೂ ಕಲಿಸ್ತಿದ್ದ. ಸ್ವಲ್ಪ ಸ್ವಲ್ಪ ಆಗ್ತಾ ಇತ್ತು ಅಕ್ಕ."

ತಂಗಿಯ ಗಂಡ ಕೂತಲ್ಲಿಂದಲೇ ಹಾರ್ನ್ ಒತ್ತಿದ. ಹುಡುಗಿ ಬಗ್ಗಿ ತಟ್ಟೆಕ್ಕನ ಒದ್ದೆ ಕೈಗಳನ್ನು ತನ್ನ ದುಪಟ್ಟಾದಲ್ಲಿ ಒರೆಸಿ, ಬಸ್ಸು ಹತ್ತಿದಳು.

ಸಂಜೆ ಊಟದ ಹೊತ್ತಿಗೆ ತಮಟೆ ತಟ್ಟೆಗೆ ಕೈ ಚಾಚಿದವನು ಕಟ್ಟೆಯ ಕಡೆ ಒಮ್ಮೆ ನೋಡಿದ.

"ಆ ಜಡೆ ಹುಡುಗಿ ಎಲ್ಲಿ ಅಕ್ಕಾ?"

"ಊರಿಗೆ ಹೋದಳು."

"ಯಾವಾಗ ಬರ್ತಾಳೆ?"

ತಟ್ಟೆಕ್ಕ ಅವನ ಮುಖ ನೋಡಿದಳು. ಕೆಟ್ಟ ಹುಡುಗನಲ್ಲ. "ನಡಿಯಪ್ಪಾ, ಹಿಂದೆ ಜನ ಇದ್ದಾರೆ," ಅಂದಳು.

ಅವನು ತನ್ನವರ ಮೇಜಿಗೆ ಹೋದ. ಅಲ್ಲಿ ಆಗಲೇ ಯಾವುದಕ್ಕೋ ಎಲ್ಲರೂ ನಗುತ್ತಿದ್ದರು. ಏನು, ಏನು ಅಂತ ಕೇಳುತ್ತ ಕುರ್ಚಿ ಎಳೆದುಕೊಂಡು, ಅವನೂ ನಗತೊಡಗಿದ.