ರಕ್ತದ ಗುಳಿಗೆ

ತೊಂಬತ್ತರ ದಶಕದ ಕೊನೆಗೆ, ಮದುವೆಯಾದ ಮರುವರ್ಷವೇ ನಾನು ಧಾರವಾಡದಲ್ಲಿ ಬಿ.ಎಡ್. ಸೇರಿದೆ. ಗೋಕುಲ ರಸ್ತೆಯ ಮನೆಯಿಂದ ದಿನಾ ಬಸ್ಸು. ಓದು ಮುಗಿದು ನೌಕರಿ ಸಿಗುವತನಕ ಕೂಸು ಬೇಡ ಎಂದು ನಾನೂ ಗಂಡನೂ ಒಪ್ಪಿಕೊಂಡಿದ್ದೆವು. ಒಪ್ಪಿಕೊಂಡಲ್ಲಿಗೆ ಗಂಡನ ಕೆಲಸ ಮುಗಿಯಿತು. ನುಂಗುವುದು ನನ್ನ ಪಾಲಿಗೆ ಬಂತು.

ಧಾರವಾಡದ ಡಾಕ್ಟರಮ್ಮ ಬಿ.ಪಿ. ನೋಡಿ, ತಲೆಶೂಲೆ ಇದೆಯೇ, ಮನೆತನದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂದೆಲ್ಲ ಕೇಳಿ ಚೀಟಿ ಬರೆದರು. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಒಂದು ಮರೆತರೆ ನೆನಪಾದ ಕೂಡಲೇ ನುಂಗಬೇಕು, ಎದೆನೋವೋ ಕಾಲುಬಾವೋ ಬಂದರೆ ಓಡಿ ಬರಬೇಕು. ಕೊನೆಗೆ ಬೆರಳೆತ್ತಿ, “ಇನ್ನೊಬ್ಬರಿಗೆ ಕೊಡಬ್ಯಾಡ್ರಿ ಮತ್ತ. ನಿಮಗ ಬರದು ಕೊಟ್ಟದ್ದು ನಿಮಗಷ್ಟ” ಎಂದರು. ಇಂಥದ್ದನ್ನು ಯಾರು ಕೇಳುತ್ತಾರೆ ಎಂದು ನನಗೆ ನಗು ಬಂದಿತ್ತು.

ಅತ್ತೆ ಆಗಲೇ ಬರಲಿರುವ ಮೊಮ್ಮಗನ ತಲೆಗೆ ಕುಂಚಿಗೆ ಹೊಲಿದಿಟ್ಟಿದ್ದರು. ಅವರಿಗೆ ಖರೇ ಹೇಳುವ ಧೈರ್ಯ ನನಗಿರಲಿಲ್ಲ. ಸ್ಟ್ರಿಪ್ಪಿನಲ್ಲಿ ಕೂಸಾಗದಂತೆ ತಡೆಯುವ ಗುಳಿಗೆ ಇಪ್ಪತ್ತೊಂದು, ಬಿಳಿಯವು; ಕೊನೆಯ ಏಳು ಕಂದು ಬಣ್ಣದವು, ಬರೀ ಕಬ್ಬಿಣದ ಅಂಶ. ಆ ಏಳನ್ನೇ ಮುಂದೆ ಮಾಡಿ, “ರಕ್ತ ಕಡಿಮಿ ಐತಂತ್ರಿ, ರಕ್ತದ ಗುಳಿಗಿ ಕೊಟ್ಟಾರ” ಎಂದೆ. ಇಪ್ಪತ್ತೆಂಟರಲ್ಲಿ ಏಳರಷ್ಟು ಸತ್ಯ. ನಮ್ಮ ಓಣಿಯಲ್ಲಿ ಅಷ್ಟಾದರೆ ಧಾರಾಳವಾಯಿತು.

ನಾನು ಮರೆತದ್ದು ಮನೆಯ ಪದ್ಧತಿಯನ್ನು. ಅಲ್ಲಿ ಗುಳಿಗೆ ಎಂದರೆ ಉಪ್ಪಿನಕಾಯಿ ಇದ್ದ ಹಾಗೆ, ಯಾರು ತಂದರೂ ಎಲ್ಲರಿಗೂ. ಮಾವನ ಮೊಣಕಾಲಿನ ಗುಳಿಗೆಯನ್ನು ಪಕ್ಕದ ಮನೆಯಾಕೆ ಸೊಂಟಕ್ಕೆ ನುಂಗುತ್ತಿದ್ದಳು. ಒಂದು ಸಂಜೆ ದೀಪ ಹಚ್ಚಿ ಸ್ಟ್ರಿಪ್ ತೆಗೆದರೆ, ನಾನಿನ್ನೂ ತಲುಪದ ಸಾಲಿನಲ್ಲಿ ಮೂರು ಬಿಳಿ ಗುಳಿಗೆ ಮಾಯ.

“ನಾನ ತೊಗೊಂಡೇನವಾ,” ಎಂದರು ಅತ್ತೆ, ಸೊಪ್ಪು ಸೋಸುತ್ತ. “ಮೂರು ದಿನ ಆತು. ನನಗೂ ನಿಶ್ಶಕ್ತಿ. ಭಾಳ ಛಲೋ ಅದಾವ ನೋಡು, ಮೈ ಹಗುರಾಗೇತಿ.”

ಅತ್ತೆಗೆ ಹತ್ತು ವರ್ಷದಿಂದ ಬಿ.ಪಿ. ಇತ್ತು. ಹೇಳದಿದ್ದರೆ ನಾಲ್ಕನೆಯದನ್ನೂ ನುಂಗುತ್ತಾರೆ; ಹೇಳಿದರೆ ನನ್ನ ಓದಿನ ಗತಿ ಏನು? ಸ್ಟ್ರಿಪ್ ಬಚ್ಚಿಟ್ಟು ಸುಮ್ಮನಿದ್ದುಬಿಡಲೇ ಎಂದೂ ಒಂದು ಕ್ಷಣ ಯೋಚಿಸಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

“ಅತ್ತಿ, ಅವು ರಕ್ತದ್ದಲ್ರಿ. ಕೂಸು ಆಗಬಾರದಂತ ತೊಗೊಳ್ಳೂವು. ಬಿ.ಪಿ. ಇದ್ದವ್ರಿಗೆ ಅಪಾಯ ರೀ.”

ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

ಮರುದಿನ ನನ್ನ ಬಸ್ಸಿನಲ್ಲೇ ಅವರನ್ನು ಡಾಕ್ಟರಮ್ಮನ ಬಳಿ ಕರೆದೊಯ್ದೆ. ಬಿ.ಪಿ. ತುಸು ಏರಿತ್ತು, ಗಾಬರಿಯಾಗುವಷ್ಟಲ್ಲ. ಡಾಕ್ಟರಮ್ಮ ಇಬ್ಬರಿಗೂ ಸಮನಾಗಿ ಬೈದರು. ಅತ್ತೆಗೆ ನಿಮ್ಮ ಬಿ.ಪಿ. ಗುಳಿಗೆ ಬಿಟ್ಟು ಬೇರೇನೂ ಮುಟ್ಟಬೇಡಿ ಎಂದರು, ನನಗೆ ಹೊಸ ಸ್ಟ್ರಿಪ್ ಬರೆದು ಎಲ್ಲಿಂದ ಮುಂದುವರಿಸಬೇಕೆಂದು ತೋರಿಸಿದರು. ಆಮೇಲೆ ಅತ್ತೆಯನ್ನು ಎಷ್ಟು ಮಕ್ಕಳು ಎಂದು ಕೇಳಿದರು.

“ಏಳು ಹಡದೇನ್ರಿ. ಮೂರು ಅದಾವ.”

ಆ ಮೂವರ ಸುದ್ದಿ ಮಾತ್ರ ನನಗೆ ಗೊತ್ತಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕೇಳಿದರು: “ಎಲ್ಲಿಡ್ತಿ ಅದನ್ನ?”

“ಅಡಗಿಮನಿ ಗ್ವಾಡಿ ಮಾಡದಾಗ್ರಿ.”

“ಬ್ಯಾಡ. ದೇವರ ಜಗಲಿ ಮ್ಯಾಲಿಡು. ಅಲ್ಲಿ ಯಾರೂ ಕೈ ಹಾಕೂದಿಲ್ಲ.”

ಕುಂಚಿಗೆ ಟ್ರಂಕು ಸೇರಿತು. ಮೊಮ್ಮಗ ಯಾವಾಗ ಎಂದು ಯಾರಾದರೂ ಕೇಳಿದರೆ, “ಅಕಿಗೆ ರಕ್ತ ಕಡಿಮಿ ಐತಿ. ಗುಳಿಗಿ ನಡದಾವ” ಎಂದು ಅತ್ತೆ ಕಣ್ಣು ಮಿಟುಕಿಸದೆ ಹೇಳುತ್ತಿದ್ದರು. ನನ್ನ ಸುಳ್ಳು ನುರಿತ ಕೈ ಸೇರಿತ್ತು.

ದೀಪ ಹಚ್ಚಿದ ಮೇಲೆ ನಾನೇ ದೇವರ ಜಗಲಿಯಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದೆ. ಕಂದು ಗುಳಿಗೆಯ ದಿನಗಳಲ್ಲಿ ಮಾತ್ರ, ಮುಟ್ಟಾದ ನಾನು ದೇವರ ಕೋಣೆಗೆ ಕಾಲಿಡುವಂತಿರಲಿಲ್ಲ. ಅತ್ತೆ ಆ ಕಟ್ಟಳೆಯನ್ನು ಸಡಿಲಿಸಲಿಲ್ಲ, ಗುಳಿಗೆಯ ಹೊತ್ತನ್ನು ತಪ್ಪಿಸಲೂ ಬಿಡಲಿಲ್ಲ. ಹೊಸ್ತಿಲ ಒಳಗೆ ನಿಂತು, ಮೈಲಿಗೆ ತಾಗದಂತೆ ಕೈ ಎತ್ತರಿಸಿ, ತೀರ್ಥ ಬಿಟ್ಟ ಹಾಗೆ ನನ್ನ ಅಂಗೈಗೆ ಗುಳಿಗೆ ಬಿಡುತ್ತಿದ್ದರು.

“ನುಂಗಿದಿ?” ಎಂದು ಕೇಳುತ್ತಿದ್ದರು. ಹೂಂ ಎಂದ ಮೇಲೆಯೇ ಒಳಗೆ ಹೋಗಿ ಆರತಿ ಬೆಳಗುತ್ತಿದ್ದರು.