ಹನುಮಪ್ಪನ ಕಟ್ಟೆಯ ಮುಂದೆ ಅನಿತಾಳ ಬೂಟು

ರಾಯಚೂರಿನಲ್ಲಿ ಬೆಳಿಗ್ಗೆ ತೆಲಂಗಾಣದ ಬಸ್ಸು ಹತ್ತಿದೆ. ಅಲ್ಲಿಯ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ನನ್ನ ಆಧಾರ್ ರಾಯಚೂರಿನದು, ಕಂಡಕ್ಟರ್ ನಗುತ್ತಲೇ ದುಡ್ಡು ಇಸಿದುಕೊಂಡ. ಕೃಷ್ಣೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಂಡವು. ಮಕ್ತಲ್‌ನಲ್ಲಿ ಇಳಿದು ಮಿರ್ಚಿ ಭಜಿ ತಿಂದು ನಾರಾಯಣಪೇಟೆಯ ಬಸ್ಸು ಹಿಡಿಯುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನಾರಾಯಣಪೇಟೆ ಅಂದರೆ ಎಲ್ಲರೂ ಸೀರೆಗೆ ಹೋಗುತ್ತಾರೆ. ನಾನು ಹೊರಟದ್ದು ಅಲ್ಲಿ ಮನೆ ಮಾಡಿರುವ ನನ್ನ ಸೋದರಮಾವನ ಬಾಯಿ ಮುಚ್ಚುವುದನ್ನು ಕಣ್ಣಾರೆ ನೋಡಲು.

ಮಾಮನದು ಊರ ಲೆಕ್ಕ ಬರೆಯುತ್ತಿದ್ದ ಪಟವಾರಿ ಮನೆತನ. ಪಟವಾರಿಕೆ ಹೋಗಿ ಎಷ್ಟೋ ಕಾಲವಾಯಿತು, ಗತ್ತು ಹೋಗಿಲ್ಲ. ಮಾಗನೂರು ಕಡೆಯ ಅವನ ಹಳ್ಳಿಯಲ್ಲಿ ಇವತ್ತಿಗೂ ಅವನ ಮಾತಿಗೆ ಬೆಲೆ. ಆ ಹಳ್ಳಿಯ ದಲಿತರ ಕೇರಿಯವರು ಹಿರಿಯರು ಕೂರುವ ಹನುಮಪ್ಪನ ಗುಡಿಯ ಕಟ್ಟೆ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕು. ಹಲಗೆ ಬಾರಿಸುವ ಹನುಮಂತುವಿನ ಮಗಳು ಅನಿತಾ ಹಿರಿಯರೆದುರೇ ಹೇಳಿದ್ದಳಂತೆ: ಗದ್ವಾಲ್‌ನ ಮೂರು ಸಾವಿರ ಮೀಟರ್ ಓಟ ಗೆದ್ದರೆ ಬೂಟು ಹಾಕಿಕೊಂಡೇ ಕಟ್ಟೆ ದಾಟುತ್ತೇನೆ. ಹಿರಿಯರು ನಕ್ಕು ಒಪ್ಪಿದ್ದರು.

"ನೀನೂ ಒಪ್ಪಿದ್ಯಾ ಮಾಮಾ?" ಅಂದೆ ಊಟಕ್ಕೆ ಕೂತಾಗ.

"ಒಪ್ಪಿದೆ. ನನ್ನ ಗಂಟೇನು ಹೋಗ್ತದ? ಅಕಿ ಗೆದ್ದರ ತಾನ! ಗೆಲ್ಲಲಿಕ್ಕೆ ರಕ್ತ ಬೇಕವಾ ಸುಧಾ. ಹುಟ್ಟಿನಿಂದ ಬರಬೇಕು ಅದು."

"ನಿನ್ನ ಹುಟ್ಟಿನಿಂದ ಏನು ಬಂತು? ಎರಡು ಮೆಟ್ಟಲ ಹತ್ತಿದ್ರ ಏದುಸಿರು ಬಿಡ್ತಿ."

ಒಳಗೆ ಮಾಮಿ ನಕ್ಕದ್ದು ಕೇಳಿಸಿತು. ಮಾಮ ಮೊಸರನ್ನ ಕಲಸಿಕೊಂಡ.

ಮರುದಿನ ಅವನ ಕಾರಿನಲ್ಲೇ ಗದ್ವಾಲ್‌ಗೆ ಹೊರಟೆವು. ಜೂರಾಲ ಅಣೆಕಟ್ಟಿನ ಹತ್ತಿರ ಮೀನು ಕರಿಯುವ ಅಂಗಡಿಗಳ ಸಾಲು. ಮಾಮ ಕಿಟಕಿಯ ಗಾಜು ಏರಿಸಿದ. ಮೈದಾನದಲ್ಲಿ ಹನುಮಂತು ನಾನು ಕೂತ ಬೆಂಚಿನ ಪಕ್ಕ ನಿಂತಿದ್ದ.

"ಕೂಡ್ರಿ ಹನುಮಂತು," ಅಂದೆ.

"ಇರ್ಲಿರಿ ಅವ್ವಾರ. ನಿಂತ್ರ ಛಲೋ ಕಾಣತೈತಿ."

ಮೊದಲ ಸುತ್ತುಗಳಲ್ಲಿ ಅನಿತಾ ಎಲ್ಲರ ಹಿಂದಿದ್ದಳು. ಕೊನೆಯ ಎರಡು ಸುತ್ತಿಗೆ ಆ ಹುಡುಗಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು ನೋಡಿ, ನಾನು ವಯಸ್ಸು ಮರೆತು ಬೆಂಚು ಹತ್ತಿ ಕಿರುಚಿದೆ. ದಾರ ಎದೆಗೆ ತಾಗಿದಾಗ ಅವಳ ಹಿಂದೆ ಹತ್ತು ಮಾರು ಯಾರೂ ಇರಲಿಲ್ಲ. ಹನುಮಂತು ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ.

ಈಗ ಮಾಮನ ಕಡೆ ತಿರುಗಿದೆ. ಅವನು ಚಪ್ಪಾಳೆ ತಟ್ಟುತ್ತಿದ್ದ!

"ನೋಡಿದ್ಯಾ? ರಕ್ತ ಅಂತ ನಾ ಹೇಳಲಿಲ್ಲೇನು? ನಮ್ಮಜ್ಜ ದೌರಾಕ್ಕ ಹೊಂಟ್ರ ಬಂಡಿ ಮುಂದ ಇಕಿ ಮನಿತನದವ್ರೇ ಓಡ್ತಿದ್ರು, ಊರಿಂದ ಊರಿಗೆ. ಓಡೋದು ಅವರ ರಕ್ತದಾಗೇ ಅದ."

ದೌರಾ ಅಂತ ಊರೂರು ತಿರುಗುವ ಪಟವಾರಿಯ ಬಂಡಿಯ ಮುಂದೆ ಕೂಲಿಯಿಲ್ಲದೆ ಬಿಟ್ಟಿ ಓಡಿಸಿದ ಪಾಪ ಅವನ ಬಾಯಲ್ಲಿ ಗುಣವಾಗಿಬಿಟ್ಟಿತ್ತು. ಸೋತಿದ್ದರೂ ರಕ್ತ, ಗೆದ್ದರೂ ರಕ್ತ.

ಸಂಜೆ ಹಳ್ಳಿ ಮುಟ್ಟಿದೆವು. ಮೆರವಣಿಗೆಗೆ ತೆರೆದ ಜೀಪು, ಚೆಂಡುಹೂವಿನ ಹಾರ, ಜೀಪಿನಲ್ಲಿ ಅನಿತಾ, ಕಾಲಲ್ಲಿ ಬೂಟು. ಅವಳ ಪಕ್ಕ ನನ್ನನ್ನೂ ಹತ್ತಿಸಿದರು. ಎಲ್ಲ ಸಿದ್ಧವಾದ ಮೇಲೆ ಯಾರೋ ಕೂಗಿದರು, "ಹಲಗಿ ಎಲ್ಲೋ?"

ಹಲಗೆಯಿಲ್ಲದೆ ಆ ಊರಲ್ಲಿ ಮೆರವಣಿಗೆ ಏಳುವುದಿಲ್ಲ. ಬಾರಿಸುವ ಕೆಲಸ ಹನುಮಂತುವಿನ ಮನೆಗೆ ಮಾತ್ರ. ಬಾರಿಸುವವನು ಎಲ್ಲರ ಮುಂದೆ, ಬರಿಗಾಲಲ್ಲಿ. ಮಾತು ಮಾಡಿಕೊಂಡಾಗ ಇದು ಅನಿತಾಳಿಗೂ ಹೊಳೆದಿರಲಿಲ್ಲ. ಹನುಮಂತು ಯಾರೂ ಹೇಳುವ ಮುಂಚೆಯೇ ಚಪ್ಪಲಿ ಕಳಚಿ ಹಲಗೆ ಹೆಗಲಿಗೇರಿಸಿದ.

"ಅಪ್ಪಾ, ನೀ ಜೀಪ್ ಹತ್ತು! ಬ್ಯಾರೇದೋರು ಬಾರಸ್ಲಿ," ಅಂದಳು ಅನಿತಾ.

"ಬ್ಯಾರೇದೋರು ಯಾರ್ ಮುಟ್ತಾರವ್ವ ಇದನ್ನ?"

ಮಾಮ ಸಮಾಧಾನದ ದನಿಯಲ್ಲೇ ಹೇಳಿದ, "ಮಾತಾಗಿದ್ದು ನಿನ್ನ ಬೂಟಿಂದು ಮಗಳ. ಅವಂದಲ್ಲ."

ಜೀಪು ಹೊರಟಿತು. ಅನಿತಾ ಜನರನ್ನು ನೋಡಲಿಲ್ಲ, ಅಪ್ಪನ ಹಿಮ್ಮಡಿಗಳನ್ನೇ ನೋಡುತ್ತಿದ್ದಳು. ಕಟ್ಟೆ ಹತ್ತಿರ ಬರುತ್ತಿದ್ದಂತೆ ಬಗ್ಗಿ ಬೂಟಿನ ದಾರ ಬಿಚ್ಚಿ, ಅವನ್ನು ನನ್ನ ಮಡಿಲಿಗೆ ಹಾಕಿ, ಕೆಳಗೆ ಧುಮುಕಿದಳು. ಅಪ್ಪನ ಪಕ್ಕ ಬರಿಗಾಲಲ್ಲಿ ನಡೆದಳು.

ಕಟ್ಟೆಯ ಮೇಲಿದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಗದ್ವಾಲ್‌ನಲ್ಲೂ ಅಷ್ಟು ಜೋರು ಚಪ್ಪಾಳೆ ಬಿದ್ದಿರಲಿಲ್ಲ. "ಎಂಥಾ ವಿನಯ! ಗೆದ್ದರೂ ತನ್ನ ಜಾಗಾ ಮರೀಲಿಲ್ಲ," ಅಂದ ಮಾಮ. ಅವನ ಕಣ್ಣುಗಳು ನಿಜವಾಗಿ ಒದ್ದೆಯಾಗಿದ್ದವು. ಸುಳ್ಳು ಅತ್ತಿದ್ದರೆ ನಾನು ಎರಡು ಮಾತು ಬೈದು ಹಗುರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸಿಗೆ ಮುಂಚೆ ಬೂಟು ಕೊಡಲು ಕೇರಿಗೆ ಹೋದೆ. ಅನಿತಾ ಹೊಸ್ತಿಲ ಮೇಲೆ ಕೂತಿದ್ದಳು. ಕಾಲಿಗೆ ಇನ್ನೂ ಧೂಳಿತ್ತು.

"ಅಲ್ಲೇ ಇಡ್ರಿ ಅಕ್ಕಾರ," ಅಂದಳು. "ಎಲ್ಲಾರನೂ ಹಿಂದ ಹಾಕಿದ್ನಿರಿ. ಅಪ್ಪ ಒಬ್ಬನೇ ಮುಂದ ಉಳಕೊಂಡ."

ಬೂಟನ್ನು ಹೊಸ್ತಿಲ ಬದಿಗೆ ಜೋಡಿಸಿಟ್ಟು ಬಂದೆ.

ಹನುಮಂತು ಬಸ್ಸಿನ ತನಕ ಬಂದು ಚೀಲ ಹತ್ತಿಸಿಕೊಟ್ಟ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಅವನು ಕೇರಿಗೆ ವಾಪಸು ಹೋಗುತ್ತಿದ್ದ. ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ. ಹನುಮಂತು ನಿಂತ, ಬಗ್ಗಿದ, ಚಪ್ಪಲಿ ಕೈಗೆ ತೆಗೆದುಕೊಂಡ.