ನುಡಿಯದ ತಗ್ಗಿನ ಸ್ವರ

ನೆನೆದ ಕಂಬಳಿಯ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಬೀರೂರಿನ ನಮ್ಮ ಮನೆಯಲ್ಲಿದ್ದ ಪಿಯಾನೋದ ಒಳಗೆ ಅದೇ ವಾಸನೆಯಿತ್ತು. ಊರು ಬಿಟ್ಟು ಹೊರಟ ಕಾಫಿತೋಟದ ದೊರೆಯೊಬ್ಬನ ಸಾಮಾನು ಹರಾಜಾದಾಗ ಅಪ್ಪ ಅದನ್ನು ತಮ್ಮ ತಂಗಿಗಾಗಿ ಗಾಡಿಯಲ್ಲಿ ತಂದಿದ್ದರು. ಆ ತಂಗಿ, ನನ್ನ ಸೋದರತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಮಿಷನ್ ಶಾಲೆಯ ದೊರೆಸಾನಿಯಿಂದ ನುಡಿಸಲು ಕಲಿತಿದ್ದಳು. ಆದರೆ ಪುಸ್ತಕದ ಪಾಠ ಅವಳಿಗೆ ಸಾಲಲಿಲ್ಲ. ಸಖರಾಯಪಟ್ಟಣದ ಕೆರೆಯ ಮೇಲೆ ಚಂದ್ರ ಮೂಡುವುದನ್ನು ಕುರಿತು ನಾಲ್ಕು ಸಾಲಿನ ಪದ್ಯ ಬರೆದಿದ್ದಳು. ಅದನ್ನು ನನಗೊಮ್ಮೆ ಓದಿ, ಕಾಗದ ಮಡಿಸಿಟ್ಟು, ನುಡಿಸತೊಡಗುತ್ತಿದ್ದಳು. ನಾನು ಹಾಡಲು ಹೋದರೆ, "ಬಾಯ್ ಮುಚ್ಕೊಳ್ಳೇ. ಮಾತು ಮುಗೀತು, ಇನ್ನು ಕೈ ಹೇಳ್ಲಿ" ಅನ್ನುತ್ತಿದ್ದಳು. ಅಲೆಗಳು ಬೆರಳಿಂದ ಬೆರಳಿಗೆ ದಾಟಿ ದಡಕ್ಕೆ ಬರುತ್ತಿದ್ದವು. ಕಡೆಗೆ ಎಡಗೈಯ ಕಿರುಬೆರಳಿನಡಿ ಒಂದೇ ಒಂದು ತಗ್ಗಿನ ಸ್ವರ. ನೀರು ನಿಂತಿತೆಂದು ನನಗೆ ತಿಳಿಯುತ್ತಿದ್ದುದು ಅದರಿಂದ.

ಆ ವರ್ಷ ತರೀಕೆರೆಯಲ್ಲಿ ಇಲಿ ಬೀಳುತ್ತಿವೆ ಎಂಬ ಸುದ್ದಿ ಬಂತು. ಆ ಕಾಲ ಕಂಡವರಿಗೆ ಹೇಳಬೇಕಿಲ್ಲ: ಮನೆಯೊಳಗೆ ಸತ್ತ ಇಲಿ ಸಿಕ್ಕಿದರೆ ಪ್ಲೇಗು ಬಂದಂತೆಯೇ, ಅಂದೇ ಬಾಗಿಲು ಹಾಕಿ ಹೊಲದ ಗುಡಿಸಲಿಗೆ ಹೋಗಬೇಕು. ಅಮ್ಮ ದಿನಾ ಬೆಳಿಗ್ಗೆ ಅಟ್ಟ, ಕಣಜ, ಒಲೆಮೂಲೆ ನೋಡುತ್ತಿದ್ದಳು. ಪಿಯಾನೋದೊಳಗೆ ನೋಡಬೇಕೆಂದು ಯಾರಿಗೂ ತೋಚಲಿಲ್ಲ. ಒಂದು ಮಧ್ಯಾಹ್ನ ಆ ಕೊನೆಯ ಸ್ವರ ನುಡಿಯಲಿಲ್ಲ. ತಂಡಿಗೆ ಒಳಗಿನ ಸುತ್ತಿಗೆಗಳ ಉಣ್ಣೆ ಉಬ್ಬಿರಬೇಕೆಂದು ಅತ್ತೆ ಕೆಳಗಿನ ಹಲಗೆ ಕಳಚಿದಳು. ಸಂದು ಕಿರಿದು, ನನ್ನ ಕೈ ಸಣ್ಣದು. ಬಳೆ ಮೇಲಕ್ಕೆ ಸರಿಸಿ ಒಳಗೆ ಚಾಚಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದಳು. "ಹೊಸ ಬಳೆ ಒಡ್ಕೊಂಡೀಯ ಕಣೇ. ನಂದು ಹೆಂಗೂ ಬರಿಗೈ, ಬಿಡು."

ತಂತಿಗಳಿಗೆ ಒರಗಿದ್ದ ಇಲಿಯನ್ನು ಅವಳು ಬಾಲ ಹಿಡಿದು ಹೊರತೆಗೆದಳು. ಕೈ ತೊಳೆದುಕೊಂಡು ಬಂದು, ಪಾತ್ರೆ ಕಟ್ಟುವಂತೆ ಅಮ್ಮನಿಗೆ ಹೇಳಿದಳು.

ಗುಡಿಸಲಿನಲ್ಲಿ ನಾಲ್ಕನೆಯ ದಿನ ಅವಳಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ನನ್ನನ್ನು ಹತ್ತಿರ ಬಿಡಲಿಲ್ಲ. ತಡಿಕೆಯ ಸಂದಿಯಿಂದ ನೋಡಿದೆ. ಅವಳ ಬೆರಳುಗಳು ಚಾಪೆಯ ಮೇಲೆ ಕೆರೆಯ ಪದ್ಯ ನುಡಿಸುತ್ತಿದ್ದವು. ಅಲೆಗಳು ದಡಕ್ಕೆ ಬಂದವು. ಎಡಗೈಯ ಕಿರುಬೆರಳು ಮೇಲೆದ್ದಿತು. ಕೆಳಗಿಳಿದದ್ದನ್ನು ನಾನು ಕಾಣಲಿಲ್ಲ.

ರೋಗ ಕಳೆಯಲೆಂದು ಹೆಂಚು ಇಳಿಸಿ ಮನೆಗೆ ಬಿಸಿಲು ಬಿಟ್ಟರು, ಪಿಯಾನೋವನ್ನು ಅಂಗಳದಲ್ಲಿ ಸುಟ್ಟರು. ಮುಂದೆ ಮೈಸೂರಿನ ಕಾಲೇಜಿನಲ್ಲಿ, ಆ ರೋಗ ಇಲಿಯ ಚಿಗಟದಿಂದ ಹತ್ತುತ್ತದೆಂದು ಓದಿದೆ. ಪಕ್ಕದಲ್ಲೇ ಮಂಡಿಯೂರಿದ್ದ ನನ್ನನ್ನು ಅದು ಯಾಕೆ ಬಿಟ್ಟಿತೆಂದು ಪುಸ್ತಕದಲ್ಲಿರಲಿಲ್ಲ. ಆ ಮಧ್ಯಾಹ್ನವನ್ನು ದಿನಾ ಮೊದಲಿಂದ ನೋಡುತ್ತೇನೆ. ಅಳು ಬರುವುದಿಲ್ಲ.

ಅಂದು ತೊಟ್ಟಿದ್ದ ಬಳೆಗಳಲ್ಲಿ ಒಂದೂ ಒಡೆಯಲಿಲ್ಲ. ಪೆಟ್ಟಿಗೆಯಲ್ಲಿವೆ. ಈಗ ನನ್ನ ಕೈಗೆ ಏರುವುದಿಲ್ಲ.